ಒಂದು ಕಾರ್ಡು ಬರೋದೈತೆ

ಯಶೋಧಕ್ಕ ನನ್ನ ಗಂಡನ ಅಕ್ಕ. ಹೊಸದುರ್ಗದ ತಾಲ್ಲೂಕು ಕಚೇರಿಯ ಟಪಾಲು ವಿಭಾಗದಲ್ಲಿ ಗುಮಾಸ್ತೆ. ಬೆಳಗಿನಿಂದ ಸಂಜೆಯವರೆಗೆ ಸರ್ಕಾರದ ಲಕೋಟೆಗಳಿಗೆ ಗೋಂದು ಹಚ್ಚಿ, ಮೊಹರು ಒತ್ತಿ ಕಳಿಸುವುದು ಅವಳ ಕೆಲಸ. ಸಂಜೆ ಮನೆಗೆ ಬಂದರೆ ಮತ್ತೆ ಅದೇ ಗೋಂದು, ಅದೇ ಸ್ಟಾಂಪು. ಆದರೆ ಇದು ಅವಳ ಸ್ವಂತ ಖುಷಿಗೆ. ತೊಂಬತ್ತೈದರಲ್ಲಿ ನಾನು ಮದುವೆಯಾಗಿ ಈ ಮನೆಗೆ ಬಂದಾಗ, ಮುಖ ನೋಡದ ಹನ್ನೊಂದು ಜನ ಅವಳಿಗೆ ಸ್ನೇಹಿತರಿದ್ದರು. ಜಪಾನಿನವರೊಬ್ಬರು, ಪೋಲೆಂಡಿನವರೊಬ್ಬರು, ಹೀಗೆ. ಯಾವುದೋ ಪತ್ರಿಕೆಯ ಪತ್ರಮಿತ್ರರ ಅಂಕಣದಲ್ಲಿ ಸಿಕ್ಕವರು. ಅವರು ತಮ್ಮೂರಿನ ಚಿತ್ರದ ಕಾರ್ಡು ಕಳಿಸಿದರೆ ಇವಳು ದುರ್ಗದ ಕೋಟೆ ಕಳಿಸುತ್ತಿದ್ದಳು. ಆ ಕಾರ್ಡು ತರಲೆಂದೇ ಭಾನುವಾರ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋಗುವಳು.

ಇವಳಿಗೆ ಬೇರೆ ಕಸುಬಿಲ್ಲವೇ ಎಂದು ನಾನು ಎದುರಿಗೇ ಅಂದಿದ್ದೆ. ನಾನು ಹಾಗೆಯೇ, ಮನಸ್ಸಿಗೆ ಬಂದದ್ದು ಬಾಯಿಗೆ ಬಂದುಬಿಡುತ್ತದೆ. ಯಶೋಧಕ್ಕ ನಕ್ಕು ಸ್ಟಾಂಪು ಅಂಟಿಸಿದಳು.

ಹನ್ನೊಂದು ಜನರಲ್ಲಿ ಅವಳಿಗೆ ಜೀವವಿದ್ದದ್ದು ಪೋರ್ಚುಗಲ್ಲಿನ ತೆರೇಸಾಳ ಮೇಲೆ. ಅರವತ್ತು ದಾಟಿದ ಒಂಟಿ ಹೆಂಗಸು, ಶಾಲೆಯೊಂದರಲ್ಲಿ ಅಡುಗೆ ಮಾಡಿ ನಿವೃತ್ತಳಾದವಳು. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ, ಅದಕ್ಕೇ ಚೆನ್ನಾಗಿ ಹೊಂದಿಕೊಂಡಿತ್ತು. ನೀನೇಕೆ ಮದುವೆಯಾಗಲಿಲ್ಲ ಎಂದು ಆ ತಾಯಿ ಒಂದು ಸಲವೂ ಕೇಳಿರಲಿಲ್ಲ. ಇವತ್ತು ಏನು ಊಟ ಮಾಡಿದೆ ಎಂದು ಪ್ರತಿ ಸಲ ಕೇಳುತ್ತಿದ್ದಳು. ನಾವೆಲ್ಲ ಮೊದಲನೆಯದನ್ನೇ ಕೇಳಿ ಕೇಳಿ ಅವಳ ತಲೆ ತಿಂದವರು.

ಒಮ್ಮೆ ಯಶೋಧಕ್ಕ ಕೋಟೆಯ ಕಾರ್ಡಿನಲ್ಲಿ ಬಾಗಿಲಿನ ಪಕ್ಕ ನೀಲಿ ಶಾಯಿಯ ಚುಕ್ಕಿ ಇಟ್ಟು, ನಾನು ಇಲ್ಲಿ ನಿಂತಿದ್ದೆ ಎಂದು ಬರೆದಳು. ತೆರೇಸಾಳೂ ಅಂದಿನಿಂದ ಹಾಗೇ ಶುರುಮಾಡಿದಳು. ಚರ್ಚಿನ ಮೆಟ್ಟಿಲ ಮೇಲೊಂದು ಚುಕ್ಕಿ, ಸಂತೆಯ ಬೀದಿಯಲ್ಲೊಂದು ಚುಕ್ಕಿ.

ತೊಂಬತ್ತೆಂಟರಲ್ಲಿ ತೆರೇಸಾ ಬರೆದಳು: ಈ ಮನೆ ಬಿಟ್ಟು ಸಮುದ್ರದ ದಂಡೆಯ ಊರಿಗೆ, ತಂಗಿಯ ಹತ್ತಿರ ಹೋಗುತ್ತಿದ್ದೇನೆ. ವಿಳಾಸವನ್ನು ಅಲ್ಲಿಂದಲೇ ಬರೆಯುತ್ತೇನೆ. ಆ ಊರಿನ ಚಿತ್ರದ ಕಾರ್ಡಿನಲ್ಲಿ ನನ್ನ ಕಿಟಕಿಯ ಮೇಲೆ ಚುಕ್ಕಿ ಇಟ್ಟು ಕಳಿಸುತ್ತೇನೆ. ಯಶೋಧಕ್ಕ ಅದನ್ನು ಊಟದ ಹೊತ್ತಿನಲ್ಲಿ ಎರಡು ಸಲ ನಮಗೆ ಓದಿ ಹೇಳಿದಳು. ಸಮುದ್ರವನ್ನೇ ಕಾಣದವಳು, ಹಿರಿಯೂರಿನ ವಾಣಿವಿಲಾಸ ಸಾಗರವೇ ಅವಳು ನೋಡಿದ ದೊಡ್ಡ ನೀರು. ಬರಲಿರುವ ಕಾರ್ಡಿಗೆಂದು, ಕಾರ್ಡುಗಳನ್ನು ಅಂಟಿಸಿಡುವ ಆಲ್ಬಂನಲ್ಲಿ ಜಾಗ ಬಿಟ್ಟಳು.

ಎರಡು ತಿಂಗಳಾದ ಮೇಲೆ ನನ್ನ ಮಗಳು ಬೃಂದಾಳ ತೊಟ್ಟಿಲ ಶಾಸ್ತ್ರ. ಯಶೋಧಕ್ಕ ಹೂವು ತರಲು ಪೇಟೆಗೆ ಹೋಗಿದ್ದಳು. ಪೋಸ್ಟಿನ ಪಾಲಣ್ಣ ಬಂದು ನನ್ನ ಕೈಗೆ ಒಂದು ಕಾರ್ಡು ಕೊಟ್ಟ. ಸ್ಟಾಂಪು ನೋಡಿದೊಡನೆ ತೆರೇಸಾಳದೆಂದು ಗೊತ್ತಾಯಿತು. ಆಮೇಲೆ ನೋಡುತ್ತೇನೆ, ಕಾರ್ಡಿನ ಒಂದು ಮೂಲೆ ಹರಿದಿತ್ತು.

ನಮ್ಮ ಕಡೆ ಸಾವಿನ ಸುದ್ದಿ ಬರೆದರೆ ಕಾರ್ಡಿನ ಮೂಲೆ ಹರಿದು ಕಳಿಸುತ್ತಾರೆ. ಅದನ್ನು ಹೊಸ್ತಿಲ ಹೊರಗೇ ಓದಿ, ಹರಿದು ಹಾಕಿ, ಕಾಲು ತೊಳೆದು ಒಳಗೆ ಬರಬೇಕು. ನಾನು ಏಳನೇ ಕ್ಲಾಸು, ಅದೂ ಕನ್ನಡ. ಆ ಇಂಗ್ಲಿಷು ನನಗೆಲ್ಲಿ ತಿಳಿಯಬೇಕು? ಮುದುಕಿ ಸತ್ತಳು, ಅವಳ ಕಡೆಯವರು ಬರೆದಿದ್ದಾರೆ ಎಂದುಕೊಂಡೆ. ಒಳಗೆ ಹಸುಗೂಸು, ಮನೆ ತುಂಬ ನೆಂಟರು. ನಿಂತಲ್ಲೇ ಹರಿದು, ಹಿತ್ತಲ ಕಡೆಯಿಂದ ಹೋಗಿ ಬಚ್ಚಲ ಒಲೆಗೆ ಹಾಕಿ, ಕಾಲು ತೊಳೆದುಕೊಂಡೆ.

ಶಾಸ್ತ್ರ ಮುಗಿದ ಮೇಲೆ ಹೇಳೋಣ ಎಂದಿದ್ದೆ. ಸಂಜೆ ಅವಳು ಮಗುವನ್ನು ಎತ್ತಿಕೊಂಡು ನಗುತ್ತಿದ್ದಳು, ಬಾಯಿ ಬರಲಿಲ್ಲ. ನಾಳೆ ಎಂದುಕೊಂಡೆ. ಜೀವಮಾನದಲ್ಲಿ ನಾನು ಹೇಳದೆ ನುಂಗಿಕೊಂಡ ಮಾತು ಅದೊಂದೇ.

ಕಾದು ಕಾದು ಯಶೋಧಕ್ಕ ಹಳೆಯ ವಿಳಾಸಕ್ಕೇ ಬರೆದಳು. ಅದು ವಾಪಸ್ ಬಂತು. ಸತ್ತವರಿಗೆ ಬರೆದರೆ ವಾಪಸ್ ಬರದೆ ಇರುತ್ತದೆಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪಾಲಣ್ಣನ ಸೈಕಲ್ಲು ಕಂಡರೆ ಅವಳು ಬಾಗಿಲಿಗೆ ಬರುವಳು, ನಂದೇನಾದರೂ ಉಂಟೇ ಎಂದು ಕೇಳುವಳು. ಕೆಲವು ವರ್ಷಗಳಾದ ಮೇಲೆ ಕೇಳುವುದು ಬಿಟ್ಟಳು, ಬಾಗಿಲಿಗೆ ಬರುವುದು ಮಾತ್ರ ಬಿಡಲಿಲ್ಲ. ಕಂಪ್ಯೂಟರು ಬಂದು ಉಳಿದ ಹತ್ತು ಜನರೂ ಒಬ್ಬೊಬ್ಬರಾಗಿ ಕಾರ್ಡು ಬರೆಯುವುದನ್ನು ನಿಲ್ಲಿಸಿದರು. ಅದಕ್ಕೆ ಅವಳು ಅಷ್ಟು ನೊಂದುಕೊಳ್ಳಲಿಲ್ಲ. ತೆರೇಸಾಳಿಗೆ ಏನೋ ತಪ್ಪು ಬರೆದುಬಿಟ್ಟೆನೇನೋ, ಅದಕ್ಕೇ ನನ್ನನ್ನು ಮರೆತಳು ಎಂದು ಒಂದು ದಿನ ಅಕ್ಕಿ ಆರಿಸುತ್ತಾ ಅಂದಳು. ಆಗಲೂ ನಾನು ತಲೆ ಎತ್ತಲಿಲ್ಲ.

ಎರಡು ಸಾವಿರದ ಏಳರಲ್ಲಿ ಬೃಂದಾಳಿಗೆ ಒಂಬತ್ತು ವರ್ಷ. ತನ್ನ ಸೋದರತ್ತೆಯ ಆಲ್ಬಂ ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದವಳು, ಈ ಜಾಗ ಯಾಕೆ ಖಾಲಿ ಎಂದು ಕೇಳಿದಳು.

"ಅಲ್ಲಿಗೆ ಒಂದು ಕಾರ್ಡು ಬರೋದೈತೆ ಪುಟ್ಟಿ" ಅಂದಳು ಯಶೋಧಕ್ಕ.

"ಅದು ಬರಲ್ಲ ಅಕ್ಕಾ. ಆಯಮ್ಮ ತೀರ್ಕಂಡು ಒಂಬತ್ತು ವರ್ಷ ಆತು" ಎಂದು, ಮೂಲೆ ಹರಿದದ್ದು, ಬಚ್ಚಲ ಒಲೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅವಳು ಆಲ್ಬಂ ತನ್ನ ಕಡೆ ಎಳೆದುಕೊಂಡಳು. "ಆ ದೇಶದಾಗೆ ಯಾರೂ ಮೂಲೆ ಹರಿಯಲ್ಲ ಕಣೆ ಅನ್ನಪೂರ್ಣ. ದಾರ್ಯಾಗೆ ಹರ್ದಿರ್ತೈತೆ."

ಅವಳು ಆ ಖಾಲಿ ಜಾಗದ ಮೇಲೆ ಕೈಯಾಡಿಸಿದಳು.

"ಚಿತ್ರದಾಗೆ ಏನಿತ್ತು?"

ನೀರಿತ್ತು, ನೀರಿನ ದಂಡೆಗೆ ಸಾಲಾಗಿ ಬಿಳಿ ಮನೆಗಳಿದ್ದವು ಎಂದೆ. ಅವಳು ಚುಕ್ಕಿ ಇತ್ತೇ ಎಂದು ಕೇಳಿದಳು. ಇತ್ತು. ಮೂರನೇ ಮನೆಯ ಕಿಟಕಿಯ ಮೇಲೆ, ನೀಲಿ ಬಣ್ಣದ್ದು. ಹರಿದ ಮೂಲೆಯ ಗಾಬರಿಯಲ್ಲಿ ಅಂದು ನನಗೆ ಅದರ ಅರ್ಥ ಹೊಳೆದಿರಲಿಲ್ಲ.

"ಹಂಗಾರೆ ಬರ್ದಿದ್ಲು" ಎಂದಳು ಯಶೋಧಕ್ಕ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ವಿಳಾಸ ಕೇಳಲಿಲ್ಲ. ನಾನು ಓದಿರಲಾರೆ ಎಂದು ಅವಳಿಗೆ ಗೊತ್ತಿತ್ತು.

ಆಮೇಲೆ ಎದ್ದು ಒಂದು ದಪ್ಪ ರಟ್ಟು, ಬೃಂದಾಳ ಪೆನ್ಸಿಲು ತಂದು ನನ್ನ ಮುಂದಿಟ್ಟು, ಆ ಚಿತ್ರ ಬರೆದುಕೊಡು ಅಂದಳು. ರಂಗೋಲಿ ಬಿಟ್ಟರೆ ನಾನು ಏನೂ ಬರೆದವಳಲ್ಲ. ನೀರೆಂದು ಅಡ್ಡ ಗೆರೆಗಳನ್ನು ಎಳೆದೆ, ಮನೆಗಳೆಂದು ಚೌಕ ಚೌಕ ಮಾಡಿದೆ, ಮೂರನೆಯದರಲ್ಲಿ ಕಿಟಕಿ ಇಟ್ಟೆ. ಅವಳು ತನ್ನ ನೀಲಿ ಪೆನ್ನು ಕೊಟ್ಟಳು. ಆ ಕಿಟಕಿಯ ಮೇಲೆ ಚುಕ್ಕಿ ಇಟ್ಟೆ. ಅವಳು ಅದನ್ನು ಗೋಂದು ಹಚ್ಚಿ ಆ ಖಾಲಿ ಜಾಗಕ್ಕೆ ಅಂಟಿಸಿ, ಚುಕ್ಕಿಯ ಮೇಲೆ ಬೆರಳಿಟ್ಟಳು.

"ಈ ಕಿಟಕ್ಯಾಗೆ ನಿಂತು ಅವಳೂ ಪೋಸ್ಟಿನೋನ್ನ ಕಾದಿರ್ತಾಳೆ ಕಣೆ."