ಅಮ್ಮನನ್ನು ಕೇಳಿ ಬರುವ ಯಜಮಾನಿ

ಬಾಡಿಗೆಗೆ ಕೋಣೆ ಕೇಳಲು ಹೋದ ದಿನ, ಏಣಿ ಹತ್ತಿ ಗೋಡೆಗೆ ಬಣ್ಣ ಬಳಿಯುತ್ತಿದ್ದ ಹೆಂಗಸಿಗೆ, "ಮನೆ ಯಜಮಾನರನ್ನ ಸ್ವಲ್ಪ ಕರೀತೀರಾ?" ಎಂದೆ. ಅವರು ಅವಸರದಲ್ಲಿ ಇಳಿದು ನೇರವಾಗಿ ಬಣ್ಣದ ಡಬ್ಬಿಯೊಳಗೇ ಕಾಲಿಟ್ಟು, ಅಲ್ಲೇ ನಿಂತು, "ಯಜಮಾನಿ ನಾನೇ, ಹೇಳಿ" ಎಂದರು. ಆ ಮನೆಯಲ್ಲಿ ಆಸ್ತಿ, ಮನೆತನದ ಹೆಸರು, ಬೀಗದ ಕೈ ಎಲ್ಲವೂ ತಾಯಿಯಿಂದ ಮಗಳಿಗೆ. ಗಂಡಂದಿರದು ಹೂಂಗುಟ್ಟುವ ಇಲಾಖೆ. "ಇದಕ್ಕೆ ಮಾತೃಪ್ರಧಾನ ಕುಟುಂಬ ಅಂತಾರೆ" ಎಂದು ನನ್ನ ಕಾನ್ವೆಂಟ್ ಪಾಂಡಿತ್ಯ ತೋರಿಸಿದಾಗ, "ಅಮ್ಮನ ಮಾತೇ ಪ್ರಧಾನ ಅಂತ ತಾನೇ? ಅದಕ್ಕೆ ಇಷ್ಟುದ್ದದ ಪದ ಯಾಕೆ?" ಎಂದು ನಕ್ಕರು. ನಲ್ಲಿ ಸೋರಲಿ, ನೆಂಟರು ಬರಲಿ, ಅವರದು ಒಂದೇ ಪಲ್ಲವಿ: "ಇರಿ, ಅಮ್ಮನ್ನ ಕೇಳಿ ಬರ್ತೀನಿ." ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವರು, ಒಳಗೆ ಪಿಸುಮಾತು, ಆಮೇಲೆ ಮಂಚ ಕಿರುಗುಟ್ಟುವ ಸದ್ದು. ಹೊರಬಂದು ಹೇಳಿದ್ದೇ ತೀರ್ಪು. ಆ ಅಮ್ಮ ತೀರಿಕೊಂಡು ಹನ್ನೊಂದು ವರ್ಷವಾಯಿತೆಂದು ನನಗೆ ಗೊತ್ತಾದದ್ದು ಮೂರನೇ ತಿಂಗಳಲ್ಲಿ. ಅಂದಿನಿಂದ ಆ ಬಾಗಿಲ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದೇ ಓಡಾಡುತ್ತೇನೆ. ಮೊನ್ನೆ ಯಜಮಾನಿಯ ಒಬ್ಬಳೇ ಮಗಳಿಗೆ ಸಮುದ್ರದಾಚೆ ನರ್ಸ್ ಕೆಲಸ ಸಿಕ್ಕಿತು. ಅಜ್ಜಿ ಬೇಡ ಎಂದರೆ ಬೇಡವೇ, ಹೋಗುವಂತಿಲ್ಲ. ಹುಡುಗಿ ಪೆಟ್ಟಿಗೆ ಹಿಡಿದು ನಡುಮನೆಯಲ್ಲಿ ನಿಂತಳು. ಒಳಗೆ ಮಂಚ ಎರಡು ಸಲ ಕಿರುಗುಟ್ಟಿತು. ಬಾಗಿಲು ತೆರೆದ ಯಜಮಾನಿಯ ಮುಖ ಬಿಳಿಚಿಕೊಂಡಿತ್ತು. "ಅಜ್ಜಿ ಹೋಗಿ ಬಾ ಅಂದ್ರು ಕಣೇ" ಎಂದರು. ಹುಡುಗಿ ಹೊರಟುಹೋದ ಮೇಲೆ ತಡೆಯಲಾರದೆ ಕೇಳಿಯೇಬಿಟ್ಟೆ: "ನಿಜವಾಗ್ಲೂ ಅಮ್ಮ ಮಾತಾಡ್ತಾರಾ?" "ಎಲ್ಲಿ ಮಾತಾಡ್ತಾಳೆ, ಬಿಡಿ" ಎಂದು ಯಜಮಾನಿ ಬೇಸರದಿಂದ ನಿಟ್ಟುಸಿರಿಟ್ಟರು. "ಎದ್ದು ಕೂತು ಸುಮ್ನೆ ನನ್ನ ಮುಖಾನೇ ನೋಡ್ತಾಳೆ. ಎಲ್ಲಾನೂ ನಾನೇ ತೀರ್ಮಾನ ಮಾಡ್ಬೇಕು."