ಮುಟ್ಟಿ ನೋಡಿ ಹೇಳ್ರಿ

ನಮ್ಮ ಓಣಿಯ ನರ್ಸಮ್ಮನವರ ಬಲ ಅಂಗೈ ಅಗಲವಾಗಿತ್ತು. ಉಗುರುಗಳನ್ನು ಮಾಂಸಕ್ಕೆ ಹತ್ತುವಷ್ಟು ಸಣ್ಣಗೆ ಕತ್ತರಿಸಿರುತ್ತಿದ್ದರು. ನಿವೃತ್ತಿಯಾದ ಮೇಲೂ ಆ ಕೈಯಿಂದ ಸ್ಪಿರಿಟ್ಟಿನ ವಾಸನೆ ಹೋಗಿರಲಿಲ್ಲ. ಮಾನ್ವಿಯಲ್ಲಿ, ದೇವದುರ್ಗದ ಕಡೆಯ ಹಳ್ಳಿಗಳಲ್ಲಿ ಎಷ್ಟೋ ಕೂಸುಗಳು ಮೊದಲು ಬಿದ್ದದ್ದು ಆ ಅಂಗೈಗೆ. ಜಾತಿಯ ಕಾರಣಕ್ಕೆ ನರ್ಸಮ್ಮನವರ ತಾಯಿಯನ್ನು ಕಟ್ಟೆ ಹತ್ತಲು ಬಿಡದ ಮನೆಗಳವರೇ ನಡುಮನೆಯವರೆಗೆ ಕರೆದೊಯ್ದದ್ದೂ ಆ ಕೈಯನ್ನೇ.

ನಿವೃತ್ತಿಯ ನಂತರ ಅವರು ಕಾರು ಕೊಂಡರು. ನಮ್ಮ ಓಣಿಗೆ ಅದೇ ಮೊದಲ ಕಾರು. ಕಲಿಸಲು ಬಂದವನಿಗೇ ಬೈಯುತ್ತ ಓಡಿಸುವುದನ್ನು ಕಲಿತರು. ಬಾಗಿಲು ತೆರೆಯುವ ಮುಂಚೆ ಬಾನೆಟ್ಟಿನ ಮೇಲೆ ಅಂಗೈಯಿಟ್ಟು, ಜ್ವರ ನೋಡುವವರಂತೆ ಅರೆಗಳಿಗೆ ನಿಲ್ಲುತ್ತಿದ್ದರು.

ಆ ಕಾರೇ ನನ್ನ ಅವ್ವನನ್ನು ಉಳಿಸಿತ್ತು. ಅವಳ ಎರಡೂ ಮೂತ್ರಪಿಂಡ ಕೆಟ್ಟಿದ್ದವು. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ರಾಯಚೂರಿಗೆ ಹೋಗಬೇಕು. ಬಸ್ಸಿನಲ್ಲಿ ತಿರುಗಿ ಬರುವಾಗ ಅವಳು ನನ್ನ ತೊಡೆಯ ಮೇಲೆ ಒರಗಿಬಿಡುತ್ತಿದ್ದಳು. ಒಂದು ದಿನ ನರ್ಸಮ್ಮ ಕೇಳದೆಯೇ ಬಾಗಿಲ ಮುಂದೆ ಕಾರು ತಂದು ನಿಲ್ಲಿಸಿದರು. "ಹತ್ತಬೇ, ನಿನ್ನ ಮಗ ಬಾಯಿ ಬಿಟ್ಟು ಕೇಳೋತನಕ ನಾವಿಬ್ರೂ ಇರಂಗಿಲ್ಲ" ಅಂದರು. ನಾನು ಮೊದಲಿನಿಂದಲೂ ಮಾತಿಗೆ ಹಿಂಜರಿಯುವವನು. ಅವರಿಗೆ ಅದೊಂದು ತಮಾಷೆ. "ಲೇ ತಮ್ಮಾ, ದೇವ್ರು ನಿನಗ ಬಾಯಿ ಬರೇ ಉಣ್ಣಾಕ ಕೊಟ್ಟಾನೇನು?"

ಒಮ್ಮೆ ಅರಕೇರಾ ಕಡೆ ಒಂದು ತೊಟ್ಟಿಲ ಕಾರ್ಯಕ್ಕೆ ಹೊರಟೆವು. ನರ್ಸಮ್ಮನವರ ಕೈಯಲ್ಲೇ ಹುಟ್ಟಿದ್ದ ಹುಡುಗಿ ತಾನೀಗ ತಾಯಿಯಾಗಿದ್ದಳು. ದಾರಿಯ ಮೇಲೆ ರೈತರು ಹುರುಳಿ ಬಳ್ಳಿ ಹರವಿದ್ದರು. ಗಾಡಿಗಳ ಗಾಲಿ ಹಾಯ್ದರೆ ಕಾಳು ಬಿಡುತ್ತದೆ, ಬಡಿಯುವ ಕೆಲಸ ತಪ್ಪುತ್ತದೆ. ಪಕ್ಕದಲ್ಲಿ ಜಾಗವಿತ್ತು. ನರ್ಸಮ್ಮ ಪಕ್ಕಕ್ಕೆ ಹೋಗಲಿಲ್ಲ. ಬಳ್ಳಿಯ ಮೇಲೆಯೇ ಹಾಯಿಸಿ, ಹಿಂದಕ್ಕೆ ತಂದು, ಮತ್ತೊಮ್ಮೆ ಹಾಯಿಸಿದರು. ಮೊರ ಹಿಡಿದು ನಿಂತಿದ್ದ ಮುದುಕಿ ನಕ್ಕು ಕೈಯೆತ್ತಿದಳು.

"ನಮ್ಮವ್ವ ಕೂಲಿಗೆ ಇದನ್ನ ಬಡದು ಬಡದು ಕೈ ಬೊಬ್ಬಿ ಮಾಡ್ಕೊಂತಿದ್ಲು. ನಾಕು ಗಾಲಿ ತಿರುಗಿದ್ರ ನನ್ನ ಗಂಟೇನು ಹೋಗ್ತದ?" ಅಂದರು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಎದ್ದಿತು. ಅವರು ತಕ್ಷಣ ಎಂಜಿನ್ ಬಂದ್ ಮಾಡಿ ನನ್ನನ್ನು ಕೆಳಗಿಳಿಸಿದರು. ಮತ್ತೆ ಚಾಲೂ ಮಾಡಲಿಲ್ಲ. ಕಾರನ್ನು ಎಳೆಸಿಕೊಂಡೇ ರಾಯಚೂರಿನ ಷೋರೂಮಿಗೆ ಹೋದೆವು.

ವಾರಂಟಿ ಇನ್ನೂ ಮುಗಿದಿರಲಿಲ್ಲ. ಆದರೆ ಸರ್ವಿಸ್ ನೋಡಿಕೊಳ್ಳುವ ಸೂಪರ್‌ವೈಸರ್ ಬಗ್ಗಿ ನೋಡಿದವನೇ ಎದ್ದು ನಿಂತ. "ಕೆಳಗ ಪೂರಾ ಬಳ್ಳಿ ಸುತ್ತಿಕೊಂಡದರೀ ಮೇಡಂ. ಹೊರಗಿನಿಂದ ಆದದ್ದಕ್ಕ ವಾರಂಟಿ ಬರಂಗಿಲ್ಲ." ಆಮೇಲೆ ನಮ್ಮ ಮುಖ ನೋಡಿ ಮೆತ್ತಗಾದ. "ಗಾಳಿಗೆ ಹಾರಿ ಬಂದು ಸಿಕ್ಕೊಂಡಿತ್ತೇನ್ರಿ? ಹಂಗಿದ್ರ ವಾರಂಟಿಗೆ ಬರಕೊಂತೀನಿ."

ಹೂಂ ಅಂದರೆ ಸಾಕು ಎಂದು ನನಗನ್ನಿಸಿತು. ಕಾರು ಇಲ್ಲಿಯೇ ನಿಂತರೆ ಅವ್ವ ಮತ್ತೆ ಬಸ್ಸು ಹತ್ತಬೇಕು.

"ಗಾಳಿಗಲ್ಲಪ್ಪಾ, ನಾನ ಓಡಿಸೀನಿ. ಎರಡು ಸಲ" ಅಂದರು ನರ್ಸಮ್ಮ.

"ಹಂಗಾದ್ರ ಮುಗೀತಲ್ರೀ."

"ಎಲ್ಲಿ ಮುಗೀತು? ಹೊಟ್ಟಿ ನೋವಂತ ಬಂದಾಕಿಗಿ ‘ನೀ ಮುಂಜಾನೆ ಉಂಡದ್ದರಿಂದ ಬಂತು’ ಅಂತ ಬಾಗಿಲದಾಗ ನಿಂತು ಹೇಳಿದ್ರ ಹೆಂಗ? ನಾವು ಹೊಟ್ಟಿ ಮುಟ್ಟಿ ನೋಡಿ ಹೇಳ್ತಿದ್ವಿ. ನೀನೂ ಮುಟ್ಟಿ ನೋಡಿ ಹೇಳು."

"ಬಿಚ್ಚಿದ ಮ್ಯಾಲ ಬಳ್ಳಿಂದ ಅಂತ ಬಂದ್ರ ಬಿಚ್ಚಿದ ಖರ್ಚೂ ನಿಮ್ಮದ ಆಗ್ತದ್ರಿ."

"ಆಗ್ಲಿ. ನನ್ನ ತಪ್ಪಾದ್ರ ನನ್ನ ಮ್ಯಾಲ. ಆದ್ರ ನನ್ನ ಕಣ್ಣಮುಂದ ಬಿಚ್ಚು."

ರಿಪೇರಿ ಮಾಡುವಲ್ಲಿಗೆ ಗ್ರಾಹಕರು ಬರಬಾರದು ಅಂದ ಸೂಪರ್‌ವೈಸರ್. ನರ್ಸಮ್ಮ ಅಲ್ಲಿನ ಕಬ್ಬಿಣದ ಬಾಗಿಲ ಹೊಸ್ತಿಲ ಮೇಲೆ ಕುರ್ಚಿ ಹಾಕಿಸಿಕೊಂಡು, ಸೆರಗು ಸುತ್ತಿ ಕುಳಿತರು. ಹೆರಿಗೆ ಕೋಣೆಯ ಹೊರಗೆ ಗಂಡಸರು ಕಾಯುವುದನ್ನು ನಾನು ನೋಡಿದ್ದೆ. ಅಂದು ಕಾಯುವ ಸರದಿ ಅವರದಾಗಿತ್ತು.

ಹುರುಳಿ ಬಳ್ಳಿ ಕೆಳಗಿನ ಪ್ಲಾಸ್ಟಿಕ್ ಹಲಗೆಗೆ ಸುತ್ತಿತ್ತು, ಅಷ್ಟೆ. ರೇಡಿಯೇಟರಿಗೆ ತಾಕಿರಲಿಲ್ಲ. ಎಂಜಿನ್ನಿಗೆ ನೀರು ತಿರುಗಿಸುವ ಪಂಪಿನ ಸೀಲು ತಾನೇ ಬಿಟ್ಟು ಸೋರಿತ್ತು. ಸೂಪರ್‌ವೈಸರ್ ಕೈ ಒರೆಸಿಕೊಳ್ಳುತ್ತ ಬಂದ. "ಇದು ವಾರಂಟಿಗೆ ಬರ್ತದ್ರಿ ಮೇಡಂ. ಕೂಡಲೆ ನಿಲ್ಲಿಸಿದ್ದು ಚಲೋ ಆತು, ಎಂಜಿನ್ ಉಳೀತು" ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಗೌರವವಿತ್ತು.

ನರ್ಸಮ್ಮ ಗೆದ್ದವರಂತೆ ಮಾತಾಡಲಿಲ್ಲ. ಕಿತ್ತು ಹಾಕಿದ್ದ ಬಳ್ಳಿಯಿಂದ ಒಂದು ಕಾಯಿ ಹರಿದು ಒಡೆದರು. ಅಂಗೈಯಲ್ಲಿ ಕಾಳು ಬಿದ್ದವು. "ನೋಡಲೇ, ಎರಡು ಸಲ ಹಾಯ್ಸಿದ್ರೂ ಪೂರಾ ಉದುರಿಲ್ಲ. ಮುದುಕಿ ಏನಂದ್ಕೊಂತಾಳ?"

ಅವ್ವ ಆಮೇಲೆ ಒಂದು ದಿನವೂ ಬಸ್ಸು ಹತ್ತಲಿಲ್ಲ.

ನರ್ಸಮ್ಮನವರೇ ಹಾಸಿಗೆ ಹಿಡಿದದ್ದು ಈ ವರ್ಷ. ರಾಯಚೂರಿನ ಆಸ್ಪತ್ರೆಯಲ್ಲಿ ಹಾಸಿಗೆಯ ಪಕ್ಕ ನಾನಿದ್ದೆ. ಅವರು ಹೊಟ್ಟೆ ಹಿಡಿದು ಮುಲುಗುತ್ತಿದ್ದರು. ಎಳೆಯ ಡಾಕ್ಟರು ಬಾಗಿಲಲ್ಲೇ ನಿಂತು, ವಯಸ್ಸಾಯಿತು, ಇದೆಲ್ಲ ಇದ್ದದ್ದೇ ಎಂದು ಹೊರಟರು. ನಾನು ಎದ್ದು ನಿಂತೆ. ದನಿ ಹೊರಬಂತು, ವಾರ್ಡಿನವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ.

"ಡಾಕ್ಟರೇ, ಒಮ್ಮಿ ಮುಟ್ಟಿ ನೋಡಿ ಹೇಳ್ರಿ."

ಡಾಕ್ಟರು ತಿರುಗಿ ಬಂದರು. ಹೊಟ್ಟೆ ಒತ್ತಿ ನೋಡಿದರು. ಮೂತ್ರ ಕಟ್ಟಿತ್ತು. ನಳಿಗೆ ಹಾಕಿದ ಮೇಲೆ ಮುಲುಗು ನಿಂತಿತು. ನರ್ಸಮ್ಮನವರ ರೋಗ ಅದರಿಂದ ವಾಸಿಯಾಗುವಂಥದ್ದಲ್ಲ, ಅದೇ ವಾರ ಹೋಗಿಬಿಟ್ಟರು. ನೋವಿಲ್ಲದೆ ಹೋದರು.

ನಳಿಗೆ ಹಾಕಿದ ಸಂಜೆ ನೋವು ಇಳಿದ ಮೇಲೆ ಕಣ್ಣು ತೆರೆದು, ಆ ಅಗಲ ಅಂಗೈಯನ್ನು ಜ್ವರ ನೋಡುವವರಂತೆ ಅರೆಗಳಿಗೆ ನನ್ನ ಹಣೆಯ ಮೇಲಿಟ್ಟರು.

"ಬಾಯಿ ಬಂತಲ್ಲಲೇ ನಿನಗ" ಅಂದರು.