ಮರಳಿಗೆ ಹತ್ತಿದ ಹಡಗು

ಕೆ. ಹೊಸಕೋಟೆಯ ನಮ್ಮ ಮನೆಯಲ್ಲಿ ಕೆರೆಗಿಂತ ದೊಡ್ಡ ನೀರು ಕಂಡವರು ನನ್ನ ಯಜಮಾನರೊಬ್ಬರೇ. ನೌಕಾಪಡೆಯ ಒಂದು ಹಳೇ ಹಡಗಿನ ಇಂಜಿನ್ ರೂಮಿನಲ್ಲಿ ಅವರ ಕೆಲಸ. ಟ್ಯಾಂಕು, ಲಾರಿ, ಸೈನಿಕರನ್ನು ಹೊತ್ತು ಹೋಗುವ ಹಡಗು ಅಂತ ಹೇಳಿದ್ದರು. ಹೇಗೆ ಇಳಿಸುತ್ತಾರೆ ಅಂತ ಕೇಳಿದರೆ ಅದೆಲ್ಲ ನಿನಗೇಕೆ ಅನ್ನುತ್ತಿದ್ದರು. ದೊಡ್ಡಸ್ತಿಕೆಗೇನೂ ಕಮ್ಮಿಯಿರಲಿಲ್ಲ.

ಮದುವೆಯಾದ ಮರುವರ್ಷ, ಮೆಣಸು ಕೊಯ್ಯುವ ದಿನಗಳಲ್ಲಿ, ನನ್ನ ಫೋನಿಗೆ ಅವರಿಂದ ಒಂದು ಫೋಟೋ ಬಂತು. ಹಡಗು ಮರಳಿನ ಮೇಲೆ ನಿಂತಿದೆ, ಮುಂಭಾಗ ಎರಡಾಗಿ ತೆರೆದುಕೊಂಡಿದೆ. ಜೊತೆಗೆ ಒಂದು ಮಾತೂ ಇಲ್ಲ. ನನ್ನ ಮಾವ ಬಿಸಿಲೆ ಘಾಟಿಯಲ್ಲಿ ಲಾರಿ ಓಡಿಸಿ ಎಷ್ಟೋ ಆಕ್ಸಿಡೆಂಟ್ ಕಂಡವರು. ನೋಡಿದವರೇ, “ದಡಕ್ ಗುದ್ದೈತೆ ಕಣವ್ವ, ಮೂತಿ ಒಡ್ದೋಗ್ಬುಟ್ಟೈತೆ” ಎಂದು ಜಗಲಿಯ ಮೇಲೆ ಕುಸಿದು ಕೂತರು. ಫೋನ್ ಮಾಡಿದರೆ ಸ್ವಿಚ್ ಆಫ್.

ಎರಡು ದಿನ ಒಲೆ ಹಚ್ಚಿದ್ದು ಕಾಫಿಗೆ ಮಾತ್ರ. ಅತ್ತೆ ಊರದೇವತೆ ಚೌಡಮ್ಮನಿಗೆ ಕೋಳಿ ಹರಕೆ ಹೊತ್ತರು. ನಾನು ಅಳಲಿಲ್ಲ, ಸಿಕ್ಕಸಿಕ್ಕವರ ಮೇಲೆ ರೇಗಿದೆ. ಆಗ ಮಗಳು ಹೊಟ್ಟೆಯಲ್ಲಿದ್ದಳು.

ಮೂರನೇ ದಿನ ಅವರದೇ ಫೋನ್ ಬಂತು. ಆ ಹಡಗಿನ ಕೆಲಸವೇ ಅದಂತೆ! ಬೇಕೆಂದೇ ಮರಳಿಗೆ ಹತ್ತಿಸಿ, ಮುಂದಿನ ಬಾಗಿಲು ತೆರೆದು ಲಾರಿ ಇಳಿಸುವುದಂತೆ. ಹತ್ತುವ ಮುಂಚೆಯೇ ಹಿಂದೆ ಲಂಗರು ಬಿಟ್ಟಿದ್ದು, ಆಮೇಲೆ ಅದರ ಹಗ್ಗವನ್ನೇ ಎಳೆದುಕೊಂಡು ಹಿಂದಕ್ಕೆ ನೀರಿಗೆ ಜಾರುವುದಂತೆ. ಫೋಟೋ ಚೆನ್ನಾಗಿದೆ ಅಂತ ಕಳಿಸಿದರಂತೆ, ಆಮೇಲೆ ಮೇಲಿನ ಅಧಿಕಾರಿಗಳು ಎಲ್ಲರ ಫೋನ್ ಆಫ್ ಮಾಡಿಸಿದರಂತೆ. ಬಾಯಿಗೆ ಬಂದಂತೆ ಬೈದೆ. ಬೈಯಲು ಮನುಷ್ಯ ಇದ್ದಾನಲ್ಲ ಅಂತ ಬೈಯುತ್ತಲೇ ಕಣ್ಣೀರು ಬಂತು. ಹರಕೆ ಮಾತ್ರ ತಪ್ಪಲಿಲ್ಲ, ಏನೂ ಆಗದ ಹಡಗಿಗೆ ಒಂದು ಒಳ್ಳೇ ಹುಂಜ ಹೋಯಿತು. ಇನ್ನು ಮೇಲೆ ಅಂಥ ಫೋಟೋ ಕಳಿಸಕೂಡದು ಅಂತ ಕಾನೂನು ಮಾಡಿದೆ. ಆದರೂ ಅವರು ಹಡಗು ಹತ್ತಿದಾಗಲೆಲ್ಲ, ಮತ್ತೆ ರಜೆಗೆ ಬರುವ ತನಕ ಅತ್ತೆ ದಿನ ಎಣಿಸುತ್ತಿದ್ದರು.

ಹೋದ ವರ್ಷ ಆ ಹಡಗಿಗೆ ನಿವೃತ್ತಿಯಾಯಿತು. ಅದನ್ನು ಬೀಳ್ಕೊಡುವ ದಿನ ಮನೆಯವರನ್ನೂ ಕರೆದಿದ್ದರು. ಸಂಜೆ ಹಡಗಿನ ಬಾವುಟ ಕೊನೇ ಸಲ ಇಳಿಸುವಾಗ ನನ್ನ ಯಜಮಾನರು ಮಗುವಿನ ಹಾಗೆ ಅತ್ತರು. ಸುಳ್ಳೇಕೆ ಹೇಳಲಿ, ನನಗೆ ಎದೆ ಹಗುರಾಯಿತು. ಅವರ ಸರ್ವೀಸೂ ಅದೇ ತಿಂಗಳು ಮುಗಿಯುತ್ತಿತ್ತು. ಅತ್ತೆ ಮಾತ್ರ ಹಡಗು ಕಟ್ಟಿದ್ದ ಕಟ್ಟೆಯ ಅಂಚಿಗೆ ಹೋಗಿ, ಬಣ್ಣ ಎದ್ದ ಆ ಕಬ್ಬಿಣದ ಮೈ ಮುಟ್ಟಿದರು.

“ನನ್ ಮಗನ್ನ ಹುಷಾರಾಗಿ ತಂದ್ಬುಟ್ಟೆ ಕಣವ್ವ. ಇನ್ನ ನೀನೂ ಸುಧಾರಿಸ್ಕೊ” ಎಂದರು.